ಪೆನ್ಸಿಲಿನ್ "ಆಗ್ಲಿಕ್ಕಿಲ್ಲ" ಎಂದ ಮೇಲೆ: ಬದಿಯಡ್ಕ ಕಡೆಯ ಒಂದು ಪ್ರಕರಣ

ಆಟಿ ತಿಂಗಳ ಒಂದು ಸಂಜೆ. ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾನು ಕೆಲಸ ಮಾಡುವ ಸಣ್ಣ ಆಸ್ಪತ್ರೆಗೆ ಜೀಪಿನಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ವಯಸ್ಸು 54. ಗಂಡ ಹೆಂಡತಿ ಇಬ್ಬರೂ ತಮ್ಮ ಅಡಿಕೆ ತೋಟದಲ್ಲೇ ದುಡಿಯುವವರು. ಎಡಗಾಲಿಗೆ ಹಳೆ ಸೀರೆಯ ತುಂಡು ಸುತ್ತಿತ್ತು. ಮನೆಯವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಬಟ್ಟೆ ಬಿಚ್ಚಿದೆ. ಪಾದದಿಂದ ಮೊಣಕಾಲಿನ ಕಡೆಗೆ ಅರ್ಧದವರೆಗೆ ಕೆಂಪು. ಮುಟ್ಟಿದರೆ ಬಿಸಿ, ಒತ್ತಿದರೆ ಅವರು ಮುಖ ಕಿವುಚುತ್ತಿದ್ದರು. ಚರ್ಮ ಬಿಗಿದು ಹೊಳೆಯುತ್ತಿತ್ತು. ಎಲ್ಲೂ ಕೀವಿಲ್ಲ. ಕಿರುಬೆರಳ ಸಂದಿ ಬಿಡಿಸಿ ನೋಡಿದಾಗ ದಾರಿ ಸಿಕ್ಕಿತು. ಮಳೆಗಾಲವಿಡೀ ಕೆಸರಲ್ಲಿ ನಿಂತು ಚರ್ಮ ಬೆಳ್ಳಗೆ ನೆನೆದು ಒಡೆದಿತ್ತು. ನಂಜು ಒಳಗೆ ಹೋದದ್ದು ಅಲ್ಲಿಂದಲೇ. ಜ್ವರ 102, ನಾಡಿ 104, ಬಿಪಿ 130/80. ಸಕ್ಕರೆ 286. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತಗೊಳ್ತಾರೆ. ಬಿಪಿಗೆ ಟೆಲ್ಮಿಸಾರ್ಟನ್.

ಕಾಸರಗೋಡಿನಲ್ಲಿ ಮಳೆಗಾಲದ ಜ್ವರ, ಕೆಸರಲ್ಲಿ ಕೆಲಸ ಎಂದರೆ ಇಲಿಜ್ವರ ಮೊದಲು ನೆನಪಾಗಬೇಕು. ಕಣ್ಣು ಕೆಂಪಾಗಿರಲಿಲ್ಲ, ಬಲಗಾಲಿನ ಮೀನಖಂಡ ಒತ್ತಿದರೆ ನೋವಿರಲಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿತ್ತು. ರಕ್ತದಲ್ಲಿ ಪ್ಲೇಟ್‌ಲೆಟ್, ಕ್ರಿಯಾಟಿನಿನ್ ಎರಡೂ ಸರಿಯಾಗಿದ್ದವು. ಇದು ಕಾಲಿನ ಸೆಲ್ಯುಲೈಟಿಸ್, ಅಂದರೆ ಚರ್ಮಕ್ಕೂ ಅದರ ಕೆಳಗಿನ ಪದರಕ್ಕೂ ತಗಲಿದ ನಂಜು. ಕೀವಿಲ್ಲದೆ ಹೀಗೆ ಹಬ್ಬುವ ಕೆಂಪಿಗೆ ಹೆಚ್ಚಾಗಿ ಕಾರಣ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ, ಕೆಲವೊಮ್ಮೆ ಸ್ಟಾಫಿಲೋಕಾಕಸ್ ಎಂಬ ಇನ್ನೊಂದು. ಸ್ಟ್ರೆಪ್ಟೋಕಾಕಸ್‌ಗೆ ಪೆನ್ಸಿಲಿನ್ ಗುಂಪಿನಷ್ಟು ಒಳ್ಳೆಯ ಮದ್ದು ಇವತ್ತಿಗೂ ಬೇರೆ ಇಲ್ಲ. ಗಂಟಲು ನೋವು ತರುವ ಗುಂಪು ಎ ಸ್ಟ್ರೆಪ್ಟೋಕಾಕಸ್ 80 ವರ್ಷವಾದರೂ ಪೆನ್ಸಿಲಿನ್‌ಗೆ ಬಗ್ಗುತ್ತಲೇ ಇದೆ.

ಚೀಟಿ ಬರೆಯಲು ಪೆನ್ನು ತೆಗೆದಾಗ ಗಂಡ ಹೇಳಿದರು, "ಡಾಕ್ಟ್ರೇ, ಇವಳಿಗೆ ಪೆನ್ಸಿಲಿನ್ ಆಗ್ಲಿಕ್ಕಿಲ್ಲ."

ಪೇಟೆಯ ಒಂದು ಆಸ್ಪತ್ರೆಯ ಫೈಲು ತಂದಿದ್ದರು. ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಅಲರ್ಜಿ: ಪೆನ್ಸಿಲಿನ್" ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದಿತ್ತು. ಯಾವಾಗ, ಯಾವ ಮದ್ದು, ಏನಾಯಿತು, ಎಷ್ಟು ಹೊತ್ತಿಗೆ ಆಯಿತು, ಒಂದೂ ಇಲ್ಲ. ಎರಡೇ ಪದ.

"ಆಗುವುದಿಲ್ಲ" ಎಂಬ ಮಾತು

ನಮ್ಮ ಭಾಷೆಯಲ್ಲಿ "ಆಗುವುದಿಲ್ಲ" ಎಂಬುದು ಬಹಳ ಅಗಲವಾದ ಮಾತು. ಬದನೆ ಆಗುವುದಿಲ್ಲ, ಹೊಗೆ ಆಗುವುದಿಲ್ಲ, ಅತ್ತೆ ಸೊಸೆಗೆ ಆಗುವುದಿಲ್ಲ. ಮಾತ್ರೆ ತಿಂದು ಹೊಟ್ಟೆ ಉರಿದರೂ ಆಗುವುದಿಲ್ಲ, ಮೈಯೆಲ್ಲ ಪಿತ್ತಗಂಧೆ ಎದ್ದು ಉಸಿರು ಕಟ್ಟಿದರೂ ಆಗುವುದಿಲ್ಲ. ಕಾಸರಗೋಡಿನಲ್ಲಿ ಇನ್ನೊಂದು ತೊಡಕು ಇದೆ. ರೋಗಿ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾರೆ, ಸಿಸ್ಟರ್ ಮಲಯಾಳದಲ್ಲಿ ಕೇಳಿಸಿಕೊಳ್ಳುತ್ತಾರೆ, ಬರೆಯುವುದು ಇಂಗ್ಲಿಷಿನಲ್ಲಿ. ಮೂರು ಭಾಷೆ ದಾಟಿ ಬರುವಾಗ ಇಡೀ ಕಥೆ ಉದುರಿ ಹೋಗಿ "ಅಲರ್ಜಿ" ಎಂಬ ಒಂದು ಪದ ಮಾತ್ರ ಉಳಿಯುತ್ತದೆ. ಯಾರ ತಪ್ಪೂ ಅಂತ ಹೇಳುತ್ತಿಲ್ಲ. ಗಡಿಬಿಡಿಯ ಒಪಿಡಿಯಲ್ಲಿ ನಾನೂ ಹಾಗೆಯೇ ಬರೆದದ್ದು ಇದೆ.

ಅವರ ಬಿಪಿ ಸರಿಯಿತ್ತು, ಮಾತು ಸ್ಪಷ್ಟವಿತ್ತು. ಅರ್ಧ ಗಂಟೆ ಕಾಯಬಹುದಾದ ಸ್ಥಿತಿ. ನಂಜು ಮೈಗೆಲ್ಲ ಏರಿದ್ದರೆ ಕಾಯುತ್ತಿರಲಿಲ್ಲ. ಹಾಗಾಗಿ ಸ್ಟೂಲ್ ಎಳೆದುಕೊಂಡು ಕೂತೆ.

"ಅಕ್ಕಾ, ಪೆನ್ಸಿಲಿನ್ ಕೊಟ್ಟಾಗ ಎಂತ ಆಯ್ತು? ನೆನಪಿದ್ದಷ್ಟು ಹೇಳಿ."

ಅವರು ಹೇಳಿದ್ದರಲ್ಲಿ ಒಂದಲ್ಲ, ಎರಡು ಘಟನೆಗಳಿದ್ದವು. ಫೈಲಿನಲ್ಲಿ ಎರಡೂ ಒಂದಾಗಿದ್ದವು.

ಮೊದಲನೆಯದು ಮದುವೆಗೆ ಮುಂಚೆ, 19ರ ವಯಸ್ಸಿನಲ್ಲಿ. ಗಂಟಲು ನೋವಿಗೆ ಸೊಂಟಕ್ಕೆ ಇಂಜೆಕ್ಷನ್. ಸೂಜಿ ತೆಗೆಯುವ ಮೊದಲೇ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಬೆವರಿ ತಣ್ಣಗಾಗಿದ್ದರಂತೆ. ಮಲಗಿಸಿದ ಮೇಲೆ ಒಂದೆರಡು ನಿಮಿಷದಲ್ಲಿ ಎದ್ದು ನೀರು ಕುಡಿದರು. ತುರಿಕೆ ಇಲ್ಲ, ಗಂಧೆ ಇಲ್ಲ, ತುಟಿ ಊದಲಿಲ್ಲ, ಉಸಿರಾಟ ಸರಿಯಿತ್ತು. ಅದು ನೋವಿಗೆ, ಭಯಕ್ಕೆ ತಲೆ ತಿರುಗಿದ್ದು. ರಕ್ತ ಪರೀಕ್ಷೆಗೆ ಸೂಜಿ ಚುಚ್ಚಿದಾಗಲೂ ಎರಡು ಸಲ ಹಾಗೆಯೇ ಬಿದ್ದಿದ್ದಾರೆ ಎಂದು ಕೇಳಿದ ಮೇಲೆ ಹೇಳಿದರು. ಆ ಸಿರಿಂಜಿನಲ್ಲಿ ಯಾವ ಮದ್ದೂ ಇರಲಿಲ್ಲ, ಅಲ್ವಾ?

ಎರಡನೆಯದನ್ನು ಅಷ್ಟು ಸುಲಭವಾಗಿ ಬದಿಗಿಡುವಂತಿರಲಿಲ್ಲ. ಆರು ವರ್ಷದ ಹಿಂದೆ ಹಲ್ಲು ಕೀಳಿಸಿದಾಗ ಒಂದು ಕ್ಯಾಪ್ಸೂಲು ಮತ್ತು ನೋವಿನ ಮಾತ್ರೆ ಕೊಟ್ಟಿದ್ದರು. ನಾಲ್ಕಾರು ದಿನದಲ್ಲಿ ಮೈಮೇಲೆ ಕೆಂಪು ಕೆಂಪು ಬಂತು. "ಯಾವ ಕ್ಯಾಪ್ಸೂಲು?" ಎಂದರೆ "ಅರ್ಧ ಕೆಂಪು ಇತ್ತು" ಎಂದರು. ಅಷ್ಟರಲ್ಲಿ ಗಂಡನಿಗೆ ನೆನಪಾಯಿತು. ಮನೆಯಲ್ಲಿ ಬಿಸ್ಕೆಟ್ ಡಬ್ಬಿಯಲ್ಲಿ ಹಳೆ ಚೀಟಿ, ಮಾತ್ರೆ ಎಲ್ಲ ಇದೆ. ಮಗನಿಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ಅವನು ಮಳೆಯಲ್ಲಿ ನೆನೆದು, ಡಬ್ಬಿಯನ್ನು ರೈನ್‌ಕೋಟಿನ ಒಳಗೆ ಅವುಚಿಕೊಂಡು ಬಂದ.

ಆ ಡಬ್ಬಿಯ ಬಗ್ಗೆ ಸ್ವಲ್ಪ ಹೇಳಬೇಕು. ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು, ಮಕ್ಕಳ ಚುಚ್ಚುಮದ್ದಿನ ಕಾರ್ಡು, ಅವಧಿ ಮುಗಿದ ಮುಲಾಮು. ತಳದಲ್ಲಿ ಒಂದು ಶೀಟು: ಅಮಾಕ್ಸಿಸಿಲಿನ್ 500, ಪೆನ್ಸಿಲಿನ್ ಗುಂಪಿನದೇ. ಹತ್ತು ಗುಳಿಗಳಲ್ಲಿ ಏಳು ಒಡೆದಿದ್ದವು, ಮೂರು ಹಾಗೆಯೇ ಇದ್ದವು. ದಿನಕ್ಕೆ ಮೂರರಂತೆ ತಿಂದರೆ ಏಳನೆಯದು ಮೂರನೇ ದಿನ ಬೆಳಗ್ಗಿನದು. ಅಲ್ಲಿಗೆ ನಿಲ್ಲಿಸಿದ್ದಾರೆ. "ನಾಲ್ಕಾರು ದಿನ" ಅಲ್ಲ, ಮೂರನೇ ದಿನ. ಆರು ವರ್ಷದ ನೆನಪಿಗಿಂತ ಆ ಖಾಲಿ ಗುಳಿಗಳು ಹೆಚ್ಚು ಸರಿಯಾಗಿ ಹೇಳಿದವು. ಜೊತೆಗಿದ್ದ ಚೀಟಿಯಲ್ಲಿ ನೋವಿನ ಮಾತ್ರೆಯ ಹೆಸರು ಡೈಕ್ಲೋಫೆನಾಕ್. ಅದನ್ನು ಆಮೇಲೂ ಸೊಂಟ ನೋವಿಗೆ ಎಷ್ಟೋ ಸಲ ತಿಂದಿದ್ದಾರೆ, ಏನೂ ಆಗಿಲ್ಲ. ಹಾಗಾದರೆ ಅನುಮಾನ ಅಮಾಕ್ಸಿಸಿಲಿನ್ ಮೇಲೆಯೇ.

ದದ್ದು ಹೇಗಿತ್ತು ಎಂದು ಬಿಡಿಸಿ ಕೇಳಿದೆ. ಎದೆ, ಬೆನ್ನು, ತೋಳಿನ ಮೇಲೆ ಸಣ್ಣ ಚುಕ್ಕೆ. ತುರಿಕೆ ಇತ್ತು. ನೀರ್ಗುಳ್ಳೆ ಇರಲಿಲ್ಲ, ಚರ್ಮ ಸುಲಿಯಲಿಲ್ಲ. ಬಾಯಲ್ಲಿ, ಕಣ್ಣಲ್ಲಿ ಹುಣ್ಣು ಇಲ್ಲ. ಮುಖ ಊದಲಿಲ್ಲ, ಜ್ವರ ಬರಲಿಲ್ಲ. ಮೆಡಿಕಲ್ ಶಾಪಿನಿಂದ ಸೆಟ್ರಿಜಿನ್ ತಂದು ತಿಂದರು. ಐದು ದಿನದಲ್ಲಿ ಮಾಯ. ಆಸ್ಪತ್ರೆಗೆ ಸೇರಲಿಲ್ಲ.

ಇಲ್ಲಿ ಬಾಯಿಯ ಹುಣ್ಣು, ಚರ್ಮ ಸುಲಿಯುವುದು ಇವನ್ನು ಕೇಳಲೇಬೇಕು. ಸ್ಟೀವನ್ಸ್-ಜಾನ್ಸನ್‌ನಂಥ ತೀವ್ರ ಪ್ರತಿಕ್ರಿಯೆ ಒಮ್ಮೆ ಆಗಿದ್ದರೆ ಆ ಮದ್ದನ್ನು ಜೀವಮಾನದಲ್ಲಿ ಮತ್ತೆ ಮುಟ್ಟುವಂತಿಲ್ಲ. ಎಷ್ಟು ವರ್ಷ ಕಳೆದರೂ ಇಲ್ಲ, ಪರೀಕ್ಷೆಗೆಂದು ಒಂದು ಚೂರು ಕೊಡುವುದೂ ಇಲ್ಲ. ಅಂಥವರ ಪ್ರಕರಣವೇ ಬೇರೆ. ಇಲ್ಲಿ ಬರೆದದ್ದು ಅವರಿಗೆ ಅನ್ವಯಿಸುವುದಿಲ್ಲ.

ಹಿಂದೆ ಕೊಟ್ಟ "ಸುರಕ್ಷಿತ" ಮದ್ದು

ಡಬ್ಬಿಯಲ್ಲಿ ಇನ್ನೊಂದು ಚೀಟಿ ಸಿಕ್ಕಿತು. ಅದನ್ನು ಓದಿ ನನಗೆ ನಿಜವಾಗಿಯೂ ಸಂಕಟವಾಯಿತು. ಆ ಮಳೆಗಾಲಕ್ಕೆ ಮುಂಚಿನ ಮೇ ತಿಂಗಳಲ್ಲಿ ಕೆಮ್ಮು, ಜ್ವರಕ್ಕೆ ಬೇರೊಂದು ಕಡೆ ತೋರಿಸಿದ್ದರು. ಪೆನ್ಸಿಲಿನ್ ಅಲರ್ಜಿ ಎಂದು ನೋಡಿ ಲಿವೋಫ್ಲಾಕ್ಸಸಿನ್ ಬರೆದಿದ್ದಾರೆ. ಮೂರನೇ ದಿನ ಬೆಳಿಗ್ಗೆ ಹಾಲು ಕರೆಯಲು ಹೋದವರು ಕೊಟ್ಟಿಗೆಯಲ್ಲೇ ಕುಸಿದರು. ಸಕ್ಕರೆ 48. ಗ್ಲೂಕೋಸ್ ಹಾಕಿ ಎಬ್ಬಿಸಿದರು. ಬಿಡುಗಡೆಯ ಚೀಟಿಯಲ್ಲಿ "ಊಟ ಸರಿಯಾಗಿ ಮಾಡಿ" ಎಂದಿದೆ.

ಲಿವೋಫ್ಲಾಕ್ಸಸಿನ್‌ನ ಗುಂಪು, ಅಂದರೆ ಫ್ಲೋರೋಕ್ವಿನೊಲೋನ್‌ಗಳು, ರಕ್ತದ ಸಕ್ಕರೆಯನ್ನು ಏರುಪೇರು ಮಾಡುತ್ತವೆ. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆ ಸೇರಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ವಯಸ್ಸಾದವರಲ್ಲಿ ಸ್ನಾಯುರಜ್ಜು ಹರಿಯುವ ಭಯವೂ ಇದೆ. ನಮ್ಮ ದೇಶದಲ್ಲಿ ಇನ್ನೊಂದು ತೊಂದರೆ: ಕೆಮ್ಮಿಗೆ ಸುಮ್ನೆ ಇದನ್ನು ಕೊಟ್ಟರೆ ಒಳಗಿರುವ ಕ್ಷಯ ಸ್ವಲ್ಪ ದಿನ ಮುಚ್ಚಿಹೋಗಿ, ಗೊತ್ತಾಗುವಾಗ ತಡವಾಗುತ್ತದೆ. ಅಲರ್ಜಿಗೆ ಹೆದರಿ ಕೊಟ್ಟ ಬದಲಿ ಮದ್ದು ಅವರನ್ನು ಕೊಟ್ಟಿಗೆಯಲ್ಲಿ ಬೀಳಿಸಿತು. ಆರು ವರ್ಷದ ಹಿಂದಿನ ತುರಿಕೆಗಿಂತ ಅದು ಎಷ್ಟೋ ಅಪಾಯದ್ದು. ಆದರೂ ಫೈಲಿನಲ್ಲಿ ಕೆಂಪು ಶಾಯಿ ಇದ್ದದ್ದು ಪೆನ್ಸಿಲಿನ್‌ಗೆ ಮಾತ್ರ.

ಯಾವುದನ್ನು ಕೊಡುವುದು?

ಅಜಿತ್ರೊಮೈಸಿನ್ ಎಲ್ಲರ ಕೈಗೆ ಮೊದಲು ಬರುವ ಮದ್ದು. ದಿನಕ್ಕೊಂದು, ಮೂರು ದಿನ, ಮುಗಿಯಿತು. ಆದರೆ ಸ್ಟ್ರೆಪ್ಟೋಕಾಕಸ್, ಸ್ಟಾಫಿಲೋಕಾಕಸ್ ಎರಡರಲ್ಲೂ ಇದಕ್ಕೆ ಬಗ್ಗದವು ಜಾಸ್ತಿಯಾಗಿವೆ. ಮೊಣಕಾಲಿನತ್ತ ಏರುತ್ತಿರುವ ನಂಜನ್ನು ಇದರ ಕೈಗೆ ಒಪ್ಪಿಸಲು ನನಗೆ ಧೈರ್ಯವಿರಲಿಲ್ಲ. ಡಾಕ್ಸಿಸೈಕ್ಲಿನ್ ಇಲಿಜ್ವರಕ್ಕೆ ನಮ್ಮ ಕಡೆ ದೊಡ್ಡ ಆಸರೆ, ಸ್ಟ್ರೆಪ್ಟೋಕಾಕಸ್ ಮೇಲೆ ಮಾತ್ರ ನಂಬಿಕೆ ಸಾಲದು. ಕೋಟ್ರೈಮೊಕ್ಸಜೋಲ್ ಟೆಲ್ಮಿಸಾರ್ಟನ್ ಜೊತೆ ಸೇರಿದರೆ ರಕ್ತದ ಪೊಟ್ಯಾಸಿಯಂ ಏರುತ್ತದೆ, ಗ್ಲಿಮೆಪಿರೈಡ್ ಜೊತೆ ಸಕ್ಕರೆ ಇಳಿಯುತ್ತದೆ. ಇವರು ಎರಡನ್ನೂ ತಿನ್ನುವವರು. ವ್ಯಾಂಕೊಮೈಸಿನ್, ಲೈನಜೋಲಿಡ್ ಇವನ್ನು ಬೇರೆ ಮದ್ದಿಗೆ ಬಗ್ಗದ ಸ್ಟಾಫಿಲೋಕಾಕಸ್‌ಗೆಂದು ಕಾದಿಡಬೇಕು. ಕೀವಿಲ್ಲದ ಈ ಕಾಲಿಗೆ ಅವು ಬೇಡ.

ಉಳಿದದ್ದು ಕ್ಲಿಂಡಮೈಸಿನ್. ಇದು ಒಳ್ಳೆಯ ಆಯ್ಕೆಯೇ. ಪೆನ್ಸಿಲಿನ್ ಚುಚ್ಚಿ ಅರ್ಧ ಗಂಟೆಯಲ್ಲಿ ಗಂಧೆ ಎದ್ದು ಉಸಿರು ಕಟ್ಟಿದ ಕಥೆಯಾಗಿದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ. ಇದರ ಕಷ್ಟ ಹೊಟ್ಟೆಯದು. ಭೇದಿ ತರುತ್ತದೆ. ಕೆಲವರಲ್ಲಿ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಅಳಿಸಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡುತ್ತದೆ. ಆ ಭೇದಿ ಪ್ರಾಣ ತೆಗೆಯುವುದೂ ಉಂಟು.

ಹಾಗಾಗಿ ಸೆಫಲೋಸ್ಪೊರಿನ್ ಎಂಬ ಆಂಟಿಬಯಾಟಿಕ್ ಗುಂಪಿಗೆ ಬಂದೆ. "ಪೆನ್ಸಿಲಿನ್ ಆಗದವರಲ್ಲಿ ನೂರಕ್ಕೆ ಹತ್ತು ಜನರಿಗೆ ಇದೂ ಆಗುವುದಿಲ್ಲ" ಎಂದು ನಾವೆಲ್ಲ ಕಾಲೇಜಿನಲ್ಲಿ ಕಲಿತಿದ್ದೇವೆ. ಆ ಹತ್ತು ಎಂಬ ಲೆಕ್ಕ ಬಹಳ ಹಳೆಯದು. ಆಗಿನ ಸೆಫಲೋಸ್ಪೊರಿನ್‌ಗಳಲ್ಲಿ ತಯಾರಿಸುವಾಗಲೇ ಪೆನ್ಸಿಲಿನ್‌ನ ಅಂಶ ಬೆರೆತಿರುತ್ತಿತ್ತು. ಈಗಿನ ಅಂದಾಜು ನೂರಕ್ಕೆ ಎರಡರ ಆಸುಪಾಸು. ಅದೂ ಎಲ್ಲದಕ್ಕೂ ಒಂದೇ ಅಲ್ಲ.

ಇದನ್ನು ನಾನು ಮನೆಯವರಿಗೆ ಹೀಗೆ ಹೇಳುತ್ತೇನೆ. ಪೆನ್ಸಿಲಿನ್, ಸೆಫಲೋಸ್ಪೊರಿನ್ ಎರಡೂ ಒಂದೇ ಮನೆತನ. ಬೀಟಾ-ಲ್ಯಾಕ್ಟಮ್ ಎಂಬ ಉಂಗುರ ಎರಡರಲ್ಲೂ ಇದೆ. ಆದರೆ ಪ್ರತಿಯೊಂದಕ್ಕೂ ಒಂದು ಪಕ್ಕದ ಸರಪಳಿ ಇರುತ್ತದೆ. ಅದು ಮುಖ ಇದ್ದ ಹಾಗೆ. ನಮ್ಮ ದೇಹ ಹೆಚ್ಚಾಗಿ ನೆನಪಿಟ್ಟುಕೊಳ್ಳುವುದು ಮುಖವನ್ನು, ಮನೆತನದ ಹೆಸರನ್ನಲ್ಲ. ಸೆಫಲೆಕ್ಸಿನ್, ಸೆಫಡ್ರಾಕ್ಸಿಲ್ ಇವುಗಳ ಮುಖ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳ ಹಾಗೆಯೇ ಇದೆ. ಸೆಫಜೋಲಿನ್‌ನ ಮುಖ ಯಾವ ಪೆನ್ಸಿಲಿನ್‌ಗೂ ಹೋಲುವುದಿಲ್ಲ. ಪೆನ್ಸಿಲಿನ್ ಅಲರ್ಜಿ ಎಂದವರಲ್ಲಿ ಸೆಫಜೋಲಿನ್‌ಗೆ ಪ್ರತಿಕ್ರಿಯೆ ಕಾಣುವುದು ನೂರರಲ್ಲಿ ಒಬ್ಬರಿಗೆ, ಅಷ್ಟೆ.

ನಮ್ಮ ಕಪಾಟಿನಲ್ಲಿ ಸೆಫಲೆಕ್ಸಿನ್ ಧಾರಾಳ ಇತ್ತು. ಸೆಲ್ಯುಲೈಟಿಸ್‌ಗೆ ಒಳ್ಳೆಯ ಮಾತ್ರೆ ಅದು. ಆದರೆ ಇವರಿಗೆ ದದ್ದು ಬಂದದ್ದು ಅಮಾಕ್ಸಿಸಿಲಿನ್‌ಗೆ. ಹೆಸರು ನೋಡಿ "ಇದು ಪೆನ್ಸಿಲಿನ್ ಅಲ್ಲವಲ್ಲ" ಎಂದು ಕೊಟ್ಟಿದ್ದರೆ, ಇಡೀ ಗುಂಪಿನಲ್ಲಿ ಅದೇ ಮುಖದ ಮದ್ದನ್ನು ಆರಿಸಿದ ಹಾಗಾಗುತ್ತಿತ್ತು. ಹಳೆಯ, ಸೌಮ್ಯ ದದ್ದಿಗೆ ಇಷ್ಟು ಎಚ್ಚರ ಬೇಡ, ಯಾವ ಸೆಫಲೋಸ್ಪೊರಿನ್ ಆದರೂ ನಡೆಯುತ್ತದೆ ಎನ್ನುವ ತಜ್ಞರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಬೇರೆ ಮುಖದ್ದು ಕೈಗೆಟಕುವಾಗ ಅದನ್ನೇ ತೆಗೆದುಕೊಳ್ಳುವುದು ನನ್ನ ಪದ್ಧತಿ.

ಇನ್ನೊಂದು ಲೆಕ್ಕವನ್ನೂ ಹಾಕಿದೆ. 2020ರಲ್ಲಿ ಪ್ರಕಟವಾದ ಪೆನ್-ಫಾಸ್ಟ್ ಎಂಬುದು. ಪ್ರತಿಕ್ರಿಯೆ ಆಗಿ ಐದು ವರ್ಷದ ಒಳಗಾದರೆ 2 ಅಂಕ. ಅನಫಿಲಾಕ್ಸಿಸ್ (ಉಸಿರು ಕಟ್ಟುವ, ಬಿಪಿ ಕುಸಿಯುವ ತೀವ್ರ ಅಲರ್ಜಿ), ಮುಖ ಊತ ಅಥವಾ ತೀವ್ರ ಚರ್ಮದ ಪ್ರತಿಕ್ರಿಯೆಯಾದರೆ 2. ಚಿಕಿತ್ಸೆ ಬೇಕಾಗಿದ್ದರೆ 1. ಒಟ್ಟು ಮೂರಕ್ಕಿಂತ ಕಡಿಮೆಯಾದರೆ, ನಿಜವಾದ ಅಲರ್ಜಿ ಇರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಇವರಿಗೆ ಸೆಟ್ರಿಜಿನ್ ತಿಂದದ್ದಕ್ಕೆ ಒಂದು ಅಂಕ, ಅಷ್ಟೆ. ಆಸ್ಟ್ರೇಲಿಯಾದ ರೋಗಿಗಳನ್ನು ನೋಡಿ ಕಟ್ಟಿದ ಲೆಕ್ಕ ಇದು. ನಾನು ಇದನ್ನು ಊರುಗೋಲಿನ ಹಾಗೆ ಹಿಡಿಯುತ್ತೇನೆ. ಭಾರವೆಲ್ಲ ಹಾಕುವುದು ರೋಗಿಯ ಬಾಯಿಂದ ಬಂದ ಕಥೆಯ ಮೇಲೆ.

ಆ ರಾತ್ರಿ

ಗಂಡ, ಮಗ, ಅಕ್ಕ ಮೂವರಿಗೂ ಎಲ್ಲ ಹೇಳಿದೆ. ತೀವ್ರ ಅಲರ್ಜಿಯಾದರೆ ತಕ್ಷಣ ಚುಚ್ಚುವ ಅಡ್ರಿನಲಿನ್‌ನ ಆಂಪೂಲನ್ನು ಸಿಸ್ಟರ್ ಒಡೆಯದೆ ಸಿರಿಂಜಿನ ಪಕ್ಕದಲ್ಲಿಟ್ಟರು. ಬೇಕಾದರೆ ಅರ್ಧ ಮಿಲಿ, ತೊಡೆಯ ಹೊರಬದಿಯ ಸ್ನಾಯುವಿಗೆ. ಆಮ್ಲಜನಕ, ಡ್ರಿಪ್ ಸಿದ್ಧ. ಕೈಗೆ ಒಂದು ತೊಟ್ಟು ಚುಚ್ಚಿ "ಟೆಸ್ಟ್ ಡೋಸ್" ನೋಡುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ಮದ್ದನ್ನು ಅಂದಾಜಿನಲ್ಲಿ ಕಲಸಿ ಚುಚ್ಚುವ ಆ ಪರೀಕ್ಷೆ ಬಹಳ ಸಲ ದಾರಿ ತಪ್ಪಿಸುತ್ತದೆ. ಗುಳ್ಳೆ ಬಂದರೆ ಅಲರ್ಜಿ ಎಂದಾಗಲಿ, ಬಾರದಿದ್ದರೆ ಭಯವಿಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ಅದನ್ನು ಮಾಡಲಿಲ್ಲ. ಮಲಗಿಸಿಯೇ ಮೊದಲು 100 ಮಿ.ಗ್ರಾಂ ಸೆಫಜೋಲಿನ್ ನಿಧಾನಕ್ಕೆ ಕೊಟ್ಟು ಒಂದು ಗಂಟೆ ಪಕ್ಕದಲ್ಲಿದ್ದೆವು. ನಾಡಿ, ಬಿಪಿ, ಚರ್ಮ ಎಲ್ಲ ಸರಿ. ಉಳಿದ 900 ಕೊಟ್ಟೆವು. ಆಮೇಲೆ ಎಂಟು ಗಂಟೆಗೊಮ್ಮೆ 1 ಗ್ರಾಂ. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದೆ. ಸಕ್ಕರೆಗೆ ಇನ್ಸುಲಿನ್ ಶುರು ಮಾಡಿದೆ.

ಬೆಳಿಗ್ಗೆ ಆರಕ್ಕೆ ಸಿಸ್ಟರ್ ಫೋನ್. ಕೆಂಪು ಗೆರೆ ದಾಟಿದೆ, ಎರಡು ಬೆರಳು ಮೇಲೆ ಹೋಗಿದೆ. ನಾನು ಹೋಗುವಾಗ ಗಂಡ ಬಾಗಿಲಲ್ಲೇ ನಿಂತಿದ್ದರು. "ಈ ಮದ್ದೂ ಆಗ್ಲಿಲ್ಲ ಡಾಕ್ಟ್ರೇ" ಎಂದರು.

ಈ ಕ್ಷಣದಲ್ಲಿ ಮದ್ದು ನಿಲ್ಲಿಸಿದ್ದರೆ ಫೈಲಿಗೆ ಇನ್ನೊಂದು ಕೆಂಪು ಸಾಲು ಸೇರುತ್ತಿತ್ತು. ಅಂಗಿ ಸರಿಸಿ ಬೆನ್ನು, ಹೊಟ್ಟೆ, ತೋಳು ನೋಡಿದೆ. ಒಂದು ಚುಕ್ಕೆ ಇಲ್ಲ. ತುರಿಕೆ ಇಲ್ಲ. ಕೆಂಪು ಇರುವುದು ಆ ಒಂದೇ ಕಾಲಿನಲ್ಲಿ. ಜ್ವರ 100ಕ್ಕೆ ಇಳಿದಿದೆ, ರಾತ್ರಿ ನಿದ್ದೆ ಬಂದಿದೆ. ಸೆಲ್ಯುಲೈಟಿಸ್‌ನಲ್ಲಿ ಮೊದಲ ದಿನ ಸೂಕ್ಷ್ಮಾಣು ಸಾಯುವಾಗಲೇ ಕೆಂಪು ಸ್ವಲ್ಪ ಹರಡಿದ ಹಾಗೆ ಕಾಣುವುದು ಇದೆ. ಗಂಡನನ್ನು ಕರೆದು ಬೆನ್ನು ತೋರಿಸಿದೆ. "ಮದ್ದು ಆಗದಿದ್ದರೆ ಇಲ್ಲಿ ಕಾಣಬೇಕಿತ್ತು" ಎಂದೆ. ಅವರು ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಂಟೀನಿಗೆ ಚಾ ತರಲು ಹೋದರು.

ಎರಡನೇ ಸಂಜೆಗೆ ಕೆಂಪು ಗೆರೆಯ ಒಳಗೆ ಬಂತು. ಮೂರನೇ ದಿನ ಚರ್ಮದಲ್ಲಿ ಸುಕ್ಕು ಕಾಣಿಸಿತು. ಊತ ಇಳಿಯುವ ಗುರುತು ಅದು. ಸೆಫುರಾಕ್ಸಿಮ್ 500 ದಿನಕ್ಕೆರಡು, ಇನ್ನೂ ಐದು ದಿನಕ್ಕೆ ಬರೆದು ಮನೆಗೆ ಕಳಿಸಿದೆ. ಅದರ ಮುಖವೂ ಅಮಾಕ್ಸಿಸಿಲಿನ್‌ಗಿಂತ ಬೇರೆ. ಬೆರಳ ಸಂದಿಗೆ ಶಿಲೀಂಧ್ರದ ಮುಲಾಮು ಕೊಟ್ಟೆ. ಅದು ಒಣಗದಿದ್ದರೆ ಮುಂದಿನ ಮಳೆಗೂ ಇದೇ ಕಾಲು, ಇದೇ ಮಂಚ.

ಕೆಂಪು ಶಾಯಿ ಅಳಿಸುವ ಕೆಲಸ

ಇಲ್ಲಿಗೆ ಬಿಡಬಹುದಿತ್ತು. ಆದರೆ ಆ ಎರಡು ಪದ ಫೈಲಿನಲ್ಲಿ ಇರುವ ತನಕ ಪ್ರತಿ ಜ್ವರಕ್ಕೂ ಅವರಿಗೆ ಎರಡನೇ ದರ್ಜೆಯ ಮದ್ದು ಸಿಗುತ್ತಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಪೆನ್ಸಿಲಿನ್ ಅಲರ್ಜಿ ಎಂದು ಬರೆಸಿಕೊಂಡವರನ್ನು ಕ್ರಮವಾಗಿ ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಅದನ್ನು ಆರಾಮಾಗಿ ತಾಳಿಕೊಂಡಿದ್ದಾರೆ. ನಿಜವಾಗಿ ತಕ್ಷಣದ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷದಲ್ಲಿ ನೂರಕ್ಕೆ ಎಂಬತ್ತು ಜನರಲ್ಲಿ ಅದು ಮಾಸಿಹೋಗುತ್ತದೆ.

ಅಕ್ಟೋಬರ್‌ನಲ್ಲಿ, ಮಳೆ ನಿಂತು ಕಾಲು ಪೂರ್ತಿ ವಾಸಿಯಾದ ಮೇಲೆ, ಮಂಗಳೂರಿನ ಒಂದು ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ವೈದ್ಯರ ಕಣ್ಣೆದುರು ಅಮಾಕ್ಸಿಸಿಲಿನ್‌ನ ಹತ್ತನೇ ಒಂದು ಪಾಲು ಕೊಟ್ಟು, ಕಾದು, ಉಳಿದದ್ದು ಕೊಟ್ಟು, ಎರಡು ಗಂಟೆ ಕೂರಿಸಿಕೊಂಡರು. ಇವರ ದದ್ದು ಮೂರನೇ ದಿನದ್ದಾದ್ದರಿಂದ ಅಷ್ಟಕ್ಕೆ ಮುಗಿಸದೆ ಐದು ದಿನ ಮನೆಯಲ್ಲೂ ತಿನ್ನಿಸಿದರು. ಮೂರನೇ ದಿನ ನಾನೇ ಫೋನ್ ಮಾಡಿದೆ. "ಎಂತ ಇಲ್ಲ ಡಾಕ್ಟ್ರೇ, ಅಡಿಕೆ ಸುಲಿಯುತ್ತಾ ಇದ್ದೇನೆ" ಎಂದರು. ಇದನ್ನು ಯಾರೂ ಮನೆಯಲ್ಲಿ ತಾವೇ ಪರೀಕ್ಷಿಸಿ ನೋಡಬಾರದು. ಅಡ್ರಿನಲಿನ್ ಪಕ್ಕದಲ್ಲಿ ಇಟ್ಟುಕೊಂಡವರೇ ಮಾಡಬೇಕಾದ ಕೆಲಸ ಇದು.

ಒಂದು ಕಾರ್ಡು ಬರೆದುಕೊಟ್ಟೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ. ಆರು ವರ್ಷದ ಹಿಂದೆ ಏನಾಯಿತು, ಪರೀಕ್ಷೆ ಯಾವಾಗ ಆಯಿತು, ಅಮಾಕ್ಸಿಸಿಲಿನ್ ಕೊಡಬಹುದು. ಕೆಳಗೆ: ಲಿವೋಫ್ಲಾಕ್ಸಸಿನ್‌ನಿಂದ ಸಕ್ಕರೆ 48ಕ್ಕೆ ಇಳಿದಿತ್ತು, ಸಕ್ಕರೆ ಮಾತ್ರೆಯ ಜೊತೆ ಕೊಡಬೇಡಿ. ಇಂಜೆಕ್ಷನ್ ಕೊಡುವಾಗ ಮಲಗಿಸಿ. ಮಲಯಾಳದ ಸಾಲುಗಳನ್ನು ನಮ್ಮ ಸಿಸ್ಟರ್ ಬರೆದರು.

ಜನವರಿಯಲ್ಲಿ ಮತ್ತೆ ಹಲ್ಲು ನೋವು ಬಂತು. ಅವರು ಹೋದ ಕಡೆ ಕಂಪ್ಯೂಟರಿನಲ್ಲಿ ಹಳೆಯ ಅಲರ್ಜಿ ಹಾಗೆಯೇ ಕಾಣಿಸಿತು. ಅಲ್ಲಿದ್ದ ದಂತವೈದ್ಯೆ ಕಾರ್ಡು ಓದಿ ನನಗೆ ಫೋನ್ ಮಾಡಿದರು. ಐದು ನಿಮಿಷ ಮಾತಾಡಿದೆವು. ಅಮಾಕ್ಸಿಸಿಲಿನ್ ಬರೆದರು, ಅಕ್ಕ ಪೂರ್ತಿ ತಿಂದು ಮುಗಿಸಿದರು. ಕಂಪ್ಯೂಟರಿನ ಆ ಸಾಲು ತೆಗೆಸಲು ನಾನು ಎರಡು ಪತ್ರ ಬರೆಯಬೇಕಾಯಿತು. ಏಪ್ರಿಲ್‌ನಲ್ಲಿ ಅವರ ಮಗ ಹೊಸ ಪ್ರಿಂಟ್ ತಂದು ತೋರಿಸಿದ. ಅಲರ್ಜಿ ಎಂಬಲ್ಲಿ ಈಗ ಏನೂ ಇಲ್ಲ.